ನಾಲ್ಕು ಲೀಟರ್ ಕುಡಿದ ಗೇಟು

ಪುತ್ತೂರಿನ ಕಲಂದರ್ ಗೇಟು, ಗ್ರಿಲ್ಲುಗಳಿಗೆ ಸ್ಪ್ರೇ ಪೈಂಟ್ ಹೊಡೆಯುವವನು. ಆ ಕೆಲಸ ಅವನಿಗೆ ಎಂದೂ ಬೇಸರವಾದದ್ದಿಲ್ಲ. ಹೇಸಿಗೆಯಾದದ್ದು ಮಾಡಿಸುವವರನ್ನು ಕಂಡು. ನಮ್ಮ ಕಡೆ ಒಂದು ದರಿದ್ರ ಪದ್ಧತಿ ಇದೆ. ಪೈಂಟ್ ಮನೆಯವರೇ ತರುತ್ತಾರೆ, ತಂದವರು ಕುರ್ಚಿ ಹಾಕಿಕೊಂಡು ಕಾವಲು ಕೂರುತ್ತಾರೆ. ಡಬ್ಬಿಯಲ್ಲಿ ಉಳಿಯಿತೋ, ಮನೆಗೆ ಒಯ್ಯಲೆಂದೇ ಉಳಿಸಿದ, ಪೈಂಟರ್ ಕಳ್ಳ. ಇದರಲ್ಲಿ ಜಾತಿಯಿಲ್ಲ, ಮತವಿಲ್ಲ. ಕಲಂದರನ ಸ್ವಂತ ಭಾವ ರಹ್ಮತ್ ಕೂಡ ಡಬ್ಬಿಗೆ ಕಡ್ಡಿ ಇಳಿಸಿ ನೋಡಿದವನೇ.

ಹಿಂದೆ ಅವನು ಸೌದಿಯಲ್ಲಿ ಎಣ್ಣೆ ಟ್ಯಾಂಕುಗಳಿಗೆ ಪೈಂಟ್ ಹೊಡೆಯುತ್ತಿದ್ದಾಗ ಮೇಲಿನವರು ಹಸಿ ಪೈಂಟಿಗೆ ಬಾಚಣಿಗೆಯಂಥ ತಗಡು ಒತ್ತಿ ದಪ್ಪ ಅಳೆಯುತ್ತಿದ್ದರು. ತೆಳುವಾದರೂ ಬೈಗುಳ, ದಪ್ಪವಾದರೂ ಬೈಗುಳ. ಊರಿಗೆ ಬಂದ ಮೇಲೂ ಅವನ ಕೈ ಆ ಅಳತೆಯನ್ನು ಬಿಡಲಿಲ್ಲ. ಸ್ಪ್ರೇ ಗನ್ನು ಒಂದು ಗೇಣು ದೂರ ಹಿಡಿದು, ಎಲ್ಲೂ ಕೈ ನಿಲ್ಲಿಸದೆ ತೆಳ್ಳಗೆ ಒಂದು ಕೋಟು. ಅದು ಒಣಗಿದ ಮೇಲೆ ಇನ್ನೊಂದು. ಬೋರ್ಡು, ಜಾಹೀರಾತು ಅವನಿಗಿರಲಿಲ್ಲ. ಹೊಡೆದ ಗೇಟು ನೋಡಿದವರು ಹುಡುಕಿಕೊಂಡು ಬರಬೇಕು, ಅದೇ ಅನ್ನ.

ಐವರ್ನಾಡಿನ ಕುಕ್ಕಪ್ಪ ಗೌಡರ ಗೇಟು ಬಸ್ಸು ನಿಲ್ಲುವ ಜಾಗದ ಎದುರಿಗೇ ಇತ್ತು. ಅಲ್ಲಿ ಚೆನ್ನಾಗಿ ಮಾಡಿದರೆ ಸುಳ್ಯದ ಕಡೆ ಹೆಸರು ನಿಂತೀತು ಎಂದು ಕಲಂದರ್ ಖುಷಿಯಲ್ಲೇ ಹೋದ. ಗೌಡರು ನಾಲ್ಕು ಲೀಟರಿನ ಡಬ್ಬಿ ತಂದಿಟ್ಟಿದ್ದರು.

"ಗೌಡ್ರೇ, ಇದಕ್ಕೆ ಅರ್ಧ ಸಾಕು. ಉಳಿದದ್ದು ನಿಮ್ಮ ಅಟ್ಟದಲ್ಲಿ ಇರ್ಲಿ."

"ಅಟ್ಟಕ್ಕೆ ಎಷ್ಟು ಹೋಗ್ತದೆ, ನಿನ್ನ ಬೈಕಿನ ಚೀಲಕ್ಕೆ ಎಷ್ಟು ಹೋಗ್ತದೆ, ಯಾರಿಗೆ ಗೊತ್ತು ಮಾರಾಯ?" ಎಂದು ಗೌಡರು ನಕ್ಕರು. "ನಾನು ತಂದದ್ದು ಗೇಟಿಗೆ. ಪೂರ್ತಿ ಗೇಟಿಗೇ ಹೊಡಿ."

ಆ ನಗುವಿಗೆ ಕಲಂದರನ ಮೈ ಉರಿದುಹೋಯಿತು. ಗನ್ನು ಕಟ್ಟಿಕೊಂಡು ವಾಪಸು ಹೋಗಬಹುದಿತ್ತು. ಹೋದರೆ, ಕದಿಯಲು ಬಿಡದ್ದಕ್ಕೆ ಹೋದ ಎಂದು ನಾಳೆ ಅಂಗಡಿ ಜಗಲಿಯಲ್ಲಿ ಮಾತಾಗುತ್ತದೆ. ಆಗಲಿ, ನಿನ್ನ ಡಬ್ಬಿ ನೀನೇ ನೆಕ್ಕು ಎಂದು ಮನಸ್ಸಿನಲ್ಲೇ ಬೈದು ಹೊಡೆಯತೊಡಗಿದ. ಕೋಟು ಒಣಗಲು ಬಿಡದೆ ಅದರ ಮೇಲೆ ಕೋಟು, ಮತ್ತೆ ಅದರ ಮೇಲೆ. ಗೌಡರು ಖಾಲಿ ಡಬ್ಬಿಯನ್ನು ಬೋರಲು ಮಾಡಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದರು.

ಮರುದಿನ ಬೆಳಿಗ್ಗೆ ಉಳಿದ ಸಾಮಾನು ತರಲು ಹೋದ ಕಲಂದರ್ ಗೇಟಿನ ಎದುರೇ ನಿಂತುಬಿಟ್ಟ. ಸರಳುಗಳ ಮೇಲೆಲ್ಲ ನೀಲಿ ಬಣ್ಣ ಮೂಗಿನ ಸಿಂಬಳದ ಹಾಗೆ ಇಳಿದು ನಿಂತಿತ್ತು. ಮೇಲೆ ಹಾಲಿನ ಕೆನೆಯಂತೆ ಸುಕ್ಕು, ಬೆರಳಿಟ್ಟರೆ ಒಳಗಿನ್ನೂ ಹಸಿ. ಗೌಡರ ಮೇಲಿನ ಸಿಟ್ಟೆಲ್ಲ ತಿರುಗಿ ಅವನಿಗೇ ಬಡಿಯಿತು. ಇದನ್ನು ಮಾಡಿದ್ದು ಗೌಡರ ಕೈಯಲ್ಲ, ತನ್ನದು.

ಮನೆಯಲ್ಲಿ ಹೆಂಡತಿ ಆಸ್ಯಮ್ಮನಿಗೆ ಎಲ್ಲ ಹೇಳಿದ. ಅವಳು ಸಮಾಧಾನ ಹೇಳುವವಳಲ್ಲ.

"ಕಳ್ಳ ಅಂತ ಹೇಳುದಿದ್ರೆ ಅವರೊಬ್ಬರೇ ಹೇಳ್ತಿದ್ರು. ಕೆಲಸ ಗೊತ್ತಿಲ್ಲ ಅಂತ ಈಗ ಬಸ್ಸಲ್ಲಿ ಹೋಗುವವರೆಲ್ಲ ಹೇಳ್ತಾರೆ. ನಿಮಗೆ ಎಂತ ಲಾಭ ಆಯ್ತು?"

ಮಾರನೆಯ ದಿನ ಅವನು ಕೆರೆಯುವ ಪಟ್ಟಿ, ಥಿನ್ನರು, ತನ್ನದೇ ದುಡ್ಡಿನ ಪೈಂಟ್ ಹಿಡಿದು ಐವರ್ನಾಡಿಗೆ ಹೋದ. ಒಂದು ಸರಳಿಗೆ ಪಟ್ಟಿ ತಾಗಿಸಿದ್ದನಷ್ಟೆ, ಗೌಡರು ಅಂಗಳದಿಂದ ಓಡಿಬಂದರು.

"ಎಂತ ಮಾಡುದು ನೀನು?"

"ಪೂರಾ ತೆಗೆದು ಪುನಃ ಹೊಡೀತೇನೆ ಗೌಡ್ರೇ. ನಿಮಗೆ ಒಂದು ಪೈಸೆ ಖರ್ಚಿಲ್ಲ."

"ತೆಗೆಯುದಾ? ನಾಲ್ಕು ಲೀಟರ್ ಉಂಟು ಅದರಲ್ಲಿ!" ಗೌಡರು ಗೇಟಿಗೆ ಬೆನ್ನು ಕೊಟ್ಟು ಅಡ್ಡ ನಿಂತರು. "ಇಷ್ಟು ದಪ್ಪ ಪೈಂಟ್ ಈ ಊರಲ್ಲಿ ಯಾರ ಗೇಟಿಗೂ ಇಲ್ಲ. ಕೈ ಹಚ್ಚಬೇಡ."

ಕಲಂದರ್ ಬೇಡಿಕೊಂಡ. ಗೌಡರು ಜಗ್ಗಲಿಲ್ಲ. ಅಷ್ಟರಲ್ಲಿ ಬಸ್ಸು ಬಂತು. ಇಳಿದವರಲ್ಲಿ ಒಬ್ಬರು ಗೇಟನ್ನು ಮೇಲಿಂದ ಕೆಳಗೆ ನೋಡಿ, ಇದು ಯಾರ ಕೆಲಸ ಮಾರಾಯ್ರೆ ಎಂದು ಕೇಳಿದರು.

ಗೌಡರು ಹೆಮ್ಮೆಯಿಂದ ಕಲಂದರನ ಹೆಗಲ ಮೇಲೆ ಕೈಯಿಟ್ಟರು. "ಇವನೇ. ಒಂದು ಹನಿ ಕದಿಯದ ಮನುಷ್ಯ."