ಹುಲ್ಲು ಕೇಳದ ಬಿಜಲಿ

ಗೆಳೆಯರೇ, ಇವತ್ತು ಆಯುಧ ಪೂಜೆ. ಗಾಡಿ ಓಟದಲ್ಲಿ ನಾನೇ ಓಡಿಸಿ ಗೆಲ್ಲಿಸಿದ ಕುದುರೆ ಬಿಜಲಿಗೆಂದು ಪ್ರತಿವರ್ಷದಂತೆ ನೆನೆಸಿದ ಕಡಲೆ ಕಟ್ಟಿಕೊಂಡು ಕುಷ್ಟಗಿಗೆ, ಅದರ ಮಾಲೀಕ ಸಾಹುಕಾರರ ಮನೆಗೆ ಹೋದೆ. ಲಾಯ ಖಾಲಿ. ಪಡಸಾಲೆಯ ಗಾಜಿನ ಕಪಾಟಿನಲ್ಲಿ, ಅವರ ಹಳೆಯ ಕುದುರೆಗಳ ಗೊಂಬೆಗಳ ಪಕ್ಕ, ಕಿನ್ನಾಳದಲ್ಲಿ ಮಾಡಿಸಿದ ಹೊಸ ಗೊಂಬೆ ನಿಂತಿತ್ತು. ಹಣೆಯ ಬಿಳಿ ಮಚ್ಚೆ ಥೇಟ್ ಬಿಜಲಿಯದೇ. ಅದಕ್ಕೆ ಕುಂಕುಮ ಹಚ್ಚಿದ್ದರು.

“ಸಾವಕಾರ್ರ, ಕುದುರಿ ಎಲ್ಲೈತ್ರಿ?”

“ಮಾರಿಬಿಟ್ಟೆಪಾ. ಕುಂಟಾಕ ಹತ್ತಿತ್ತು. ಇದು ನೋಡು, ಹುಲ್ಲು ಕೇಳಂಗಿಲ್ಲ, ಲದ್ದಿ ಹಾಕಂಗಿಲ್ಲ. ಆ ಕಡ್ಲಿ ಇದರ ಮುಂದ ಇಡು, ಒಂದು ಫೋಟೋ ಹೊಡಿತೀನಿ.”

ಇಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕಡಲೆಯನ್ನೆಲ್ಲ ನಾನೇ ತಿಂದೆ. ನನ್ನ ಗೊಂಬೆಯನ್ನು ಅವರು ಇನ್ನೂ ಮಾಡಿಸಿಲ್ಲವಲ್ಲ, ಹಸಿವಾಗುತ್ತದೆ.