ಸಾವಕಾರರ ಗತ್ತು
ದಿಗ್ಗೇವಾಡಿಯ ಮುರಗೆಪ್ಪ ಸಾವಕಾರರು ಯಾರನ್ನೂ ತಾವಾಗಿ ಮಾತಾಡಿಸಿದವರಲ್ಲ. ಎದುರು ಬಂದವರು ಕೈಮುಗಿಯುವ ತನಕ ಎದೆ ಉಬ್ಬಿಸಿ, ಮೀಸೆ ತೀಡುತ್ತ ಆಕಾಶ ನೋಡುವರು. ಆಮೇಲಷ್ಟೇ ಒಂದು "ಹೂಂ" ಬಿಸಾಡುವರು. ಮದುವೆಮನೆಯಲ್ಲಿ ನಡುವಿನ ಸೋಫಾ ತೆರವಾಗದಿದ್ದರೆ ಕೂಡ್ರುವವರಲ್ಲ. ಸೊಸೆ ಶೈಲಾ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. "ಮಂಗ್ಯಾನ ಹಿಂಡಿನ್ಯಾಗ ದೊಡ್ಡ ಗಂಡೂ ಹಿಂಗ ಎದಿ ಉಬ್ಬಸ್ತೈತ್ರಿ, ಅತ್ತಿ. ನಮಗ ಗತ್ತು ಅಲ್ಲಿಂದನ ಬಂದೈತಿ, ಬಾಲ ಅಷ್ಟ ಉದುರೇತಿ," ಎಂದು ಅತ್ತೆಯ ಮುಂದೆ ನಗುವಳು. ಗೋಡೆಯಾಚೆಯ ಮನೆಯಲ್ಲಿದ್ದ ಸಾವಕಾರರ ಅಣ್ಣ ಕಲಗೊಂಡನದೂ ಅದೇ ಜಾತಿಯ ಬಿಗುಮಾನ. ಯಾರು ಮೊದಲು ಮಾತಾಡಬೇಕೆಂಬ ಹಟದಲ್ಲೇ ಇಬ್ಬರ ತಲೆಯೂ ನರೆಯಿತು. ಮೊನ್ನೆ ಅಣ್ಣ ತೀರಿಕೊಂಡ. ಗೋಡೆಗೆ ಒರಗಿಸಿ ಕೂಡಿಸಿದ್ದ ಹೆಣದ ಮುಂದೆಯೂ ಮಾವ ಸೆಟೆದು ನಿಂತರು. ಶೈಲಾಗೆ ಅಸಹ್ಯವೆನಿಸಿತು. ಅಷ್ಟರಲ್ಲಿ ಅವರು ಬಗ್ಗಿ, ಹೆಣದ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಅಣ್ಣಾ, ಊಟ ಆತೇನಪಾ?"