ನಡುಮನೆಯ ಕೊಳ

ಕಣ್ಣಿಗೆ ಮಂಕುಬೂದಿ ಎರಚುವ ಚಿತ್ರಗಳೆಂದರೆ ನಮ್ಮ ಯಜಮಾನರಿಗೆ ಪ್ರಾಣ. ಮದುವೆಯಾದ ಹೊಸದರಲ್ಲಿ ನನ್ನನ್ನು ಬಿಸಿಲಲ್ಲಿ ನಿಲ್ಲಿಸಿ, ಚಾಮುಂಡಿ ಬೆಟ್ಟವನ್ನು ಅಂಗೈ ಮೇಲೆ ಹೊತ್ತಿರುವಂತೆ ಫೋಟೋ ತೆಗೆದಿದ್ದರು. ಅದರಲ್ಲಿ ನಿಜವಾದದ್ದು ನನ್ನ ತೋಳುನೋವು ಒಂದೇ.

ಚಾಮರಾಜಪುರಂನ ಬಾಡಿಗೆ ಮನೆ ಬಿಟ್ಟು ದಟ್ಟಗಳ್ಳಿಯಲ್ಲಿ ಸ್ವಂತ ಮನೆ ಕಟ್ಟಿಸಿದಾಗ ಆ ಹುಚ್ಚು ನೆಲಕ್ಕಿಳಿಯಿತು. ನಡುಮನೆಯ ತುಂಬ ತ್ರೀಡಿ ಚಿತ್ರ ಹಾಕಿಸಿದರು: ತಿಳಿನೀರಿನ ಕೊಳ, ತಳದಲ್ಲಿ ಕಲ್ಲು, ನಡುವೆ ಕೆಂಪು ಮೀನು, ಮೇಲೆ ಗಾಜಿನಂಥ ಲೇಪ. ಒಳಗೆ ನಿಂತು ನೋಡಿದರೆ ಮೀನುಗಳೆಲ್ಲ ಸೊಟ್ಟಸೊಟ್ಟ. ಹೊಸ್ತಿಲಲ್ಲಿ ನಿಂತು ನೋಡಿದರೆ ಮಾತ್ರ ಸಾಕ್ಷಾತ್ ಕೊಳ. "ಬಂದೋರೆಲ್ಲ ಬಾಗಿಲಲ್ಲೇ ಬೆಚ್ಚಿಬೀಳ್ಬೇಕು ಕಣೇ" ಎಂದು ಕುಣಿದಾಡಿದರು. ದಿನಾ ಒರೆಸಬೇಕಾದವಳು ನಾನು. ಮೈಯೆಲ್ಲ ಉರಿದುಹೋಯಿತು.

ಗೃಹಪ್ರವೇಶದ ದಿನ ಆ ಬಾಗಿಲಿಗೆ ಮೊದಲು ಬರುವುದು ಹಸು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಹಸು ಹೊಸ್ತಿಲಿಗೆ ಬಂತು, ಕೆಳಗೆ ನೋಡಿತು, ಕಾಲೂರಿ ನಿಂತುಬಿಟ್ಟಿತು. ತಳ್ಳಿದರೆ ಕೊಂಬು ಆಡಿಸಿತು. ಯಜಮಾನರು ಕೊಳದ ಮಧ್ಯೆ ಹೋಗಿ ಧಪಧಪ ಕಾಲು ಬಡಿದು, "ಪೇಂಟು ಇದು, ಬರೀ ಪೇಂಟು" ಎಂದು ಹಸುವಿಗೆ ತಿಳಿಹೇಳಿದರು. ಅದು ಇನ್ನಷ್ಟು ಹಿಂದೆ ಸರಿಯಿತು. ಹಸು ಹಿಡಿದುಕೊಂಡು ಬಂದಾತ, "ಲಿಂಗಾಂಬುಧಿ ಕೆರೆ ಕಡೆ ಮೇಯೋದು ಸಾರ್. ನೀರು ಕುಡೀತದೆ, ಇಳಿಯಾಕಿಲ್ಲ" ಎಂದ. ಪುರೋಹಿತರು ಮುಹೂರ್ತ ಮೀರುತ್ತಿದೆಯೆಂದು ಗಡಿಯಾರ ತೋರಿಸಿದರು.

ಹಳ್ಳಿಯಲ್ಲಿ ದನಕರುಗಳ ನಡುವೆ ಬೆಳೆದ ನಮ್ಮತ್ತೆ ಅಂಗಳದಲ್ಲೇ ಕುರ್ಚಿ ಎಳೆದುಕೊಂಡು ಕೂತರು. "ಅಸ ಒಳಗೋಗ್ದಿದ್ರೆ ನಾನೂ ಒಸ್ಲು ದಾಟಾಕಿಲ್ಲ ಕಣವ್ವ. ಮಗಳ ಮನೆಗೆ ಓಯ್ತೀನಿ." ಅವರು ಆಡಿದರೆ ಮುಗಿಯಿತು. ಗಂಡನೆದುರು ನನ್ನ ಪರ ವಾದಿಸಲು ಇರುವ ಒಬ್ಬರೇ ವಕೀಲರು ಅವರು. ಅವರಿಲ್ಲದ ಸ್ವಂತ ಮನೆ ನನಗೆ ಯಾಕೆ ಬೇಕು?

ಶಾಮಿಯಾನದವರ ಜಮಖಾನ ಎಳೆದು ತಂದು ನಾನೇ ಕೊಳ ಮುಚ್ಚಿದೆ. ಹಸು ಗಂಭೀರವಾಗಿ ಒಳಗೆ ಬಂದು, ಅದರ ಮೇಲೇ ಸಗಣಿ ಹಾಕಿ, ಎಲ್ಲರಿಂದ ಕೈ ಮುಗಿಸಿಕೊಂಡಿತು. ಅತ್ತೆ ಹಿಂದೆಯೇ ಬಂದರು. ಯಜಮಾನರು ಮಾತ್ರ ದಿನವಿಡೀ ನೆಂಟರಿಗೆ ಮೊಬೈಲ್ ತೋರಿಸುತ್ತ, "ಇದರ ಕೆಳಗೆ ಕೊಳ ಇದೆ" ಎಂದು ಅಂಗಲಾಚುತ್ತಿದ್ದರು. ಊಟದ ಎಲೆ ಬಿಟ್ಟು ಯಾರು ನೋಡುತ್ತಾರೆ? ಪಾಪ ಅನ್ನಿಸಿತು.

ಮರುದಿನ ಶಾಮಿಯಾನದವರು ಜಮಖಾನ ಹೊತ್ತುಕೊಂಡು ಹೋದರು. ತುಳಸಿಗೆ ನೀರು ಹಾಕಿ ಬಂದ ಅತ್ತೆ ಹೊಸ್ತಿಲಲ್ಲಿ ಕಾಲೆತ್ತಿದವರು ಹಾಗೇ ನಿಂತರು. ಮಗಳ ಮನೆಯ ಮಾತು ಈಗ ಬಂದೇ ಬಂತು ಎಂದು ನಾನು ಅಡುಗೆಮನೆಯಿಂದ ಇಣುಕಿದೆ. ಯಜಮಾನರು ಸೋಫಾದಿಂದ ಎದ್ದು, "ತೆಗೆಸ್ಬುಡ್ತೀನಿ ಬುಡವ್ವ" ಅಂದರು.

ಅತ್ತೆ ಮೀನುಗಳನ್ನು ನೋಡಿದರು. ಮಗನ ಮುಖ ನೋಡಿದರು. ಆಮೇಲೆ ಒಂದು ಕೈಯಲ್ಲಿ ಸೀರೆಯನ್ನು ಮೀನಖಂಡದವರೆಗೆ ಎತ್ತಿಕೊಂಡು, ಇನ್ನೊಂದು ಕೈ ಚಾಚಿದರು.

"ಕೈ ಇಡ್ಕಳಪ್ಪ. ಬೋ ಆಳ ಅದಾ?"

"ಇಲ್ಲ ಕಣವ್ವ," ಎಂದು ಅವರು ಓಡಿಬಂದು ಕೈ ಹಿಡಿದರು, "ಮಂಡಿಯುದ್ದ ಅಷ್ಟೆ."